ಚೂಟಿ, ಡುಮ್ಮ ಮತ್ತು ತಳ ಸುಟ್ಟ ಬಾಣಲೆ

ಜೂನ್ 3, ಸೋಮವಾರ, ಬೆಳಿಗ್ಗೆ 9

ಕಂಪ್ಯೂಟರ್ ಹೊಟ್ಟೆ ಬಿಚ್ಚಿಟ್ಟಿದ್ದೇನೆ. ಸ್ಕ್ರೂಗಳೆಲ್ಲ ಲೋಟದಲ್ಲಿ. ಕಂಪ್ಯೂಟರ್ ಅಂಗಡಿ ಇಟ್ಟಿರುವ ತಮ್ಮ ಎರಡು ಗ್ರಾಫಿಕ್ಸ್ ಕಾರ್ಡ್ ಕೊಟ್ಟು ಹೋದ. ಎರಡನ್ನೂ ಹಾಕಿ ನೋಡಿ, ಶನಿವಾರ ಒಂದನ್ನು ವಾಪಸ್ ಕೊಡಬೇಕು.

ಒಂದು ಸಣ್ಣದು. ಎರಡು ಫ್ಯಾನು, ವೇಗ ಜಾಸ್ತಿ, ಮೆಮೊರಿ ಎಂಟು ಜಿಬಿ. ಇನ್ನೊಂದು ಇಟ್ಟಿಗೆಯಷ್ಟು ಭಾರ. ಮೂರು ಫ್ಯಾನು, ವೇಗ ಕಡಿಮೆ, ಮೆಮೊರಿ ಹದಿನಾರು. ಹೆಸರಿಟ್ಟೆ — ಚೂಟಿ, ಡುಮ್ಮ.

"ಅಕ್ಕಾ, ಕಣ್ಣು ಮುಚ್ಕೊಂಡು ಸಣ್ಣದು ಇಟ್ಕೋ" ಅಂದ. ಕಣ್ಣು ಮುಚ್ಚಿಕೊಂಡು ಏನನ್ನೂ ಇಟ್ಟುಕೊಳ್ಳುವವಳಲ್ಲ ನಾನು.

ಹದಿನಾರು ವರ್ಷದಿಂದ ಊರಿನವರ ಅಡುಗೆಮನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಿದ್ದೇನೆ. ಈ ಸಲ ನಮ್ಮದೇ. ನಮ್ಮನೆಯವರು ಇಪ್ಪತ್ತು ವರ್ಷ ಹೋಟೆಲಿನಲ್ಲಿ ಸೌಟು ಹಿಡಿದವರು. ಮನೆಯಲ್ಲೂ ಅಡುಗೆ ಅವರದೇ. ಅಪಘಾತವಾಗಿ ವೀಲ್‌ಚೇರ್‌ಗೆ ಬಂದ ಮೇಲೆ, ಹತ್ತು ತಿಂಗಳಾಯಿತು, ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ನನ್ನ ಕೈಯಡುಗೆ ಉಣ್ಣುತ್ತಿದ್ದಾರೆ, ಪಾಪ. ಗೋಡೆ ಒಡೆಸಿ, ಕಟ್ಟೆ ತಗ್ಗಿಸೋಣ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಕಾಡಿ ಬೇಡಿ ನಿನ್ನೆ ಒಪ್ಪಿಸಿದೆ. ಶುಕ್ರವಾರ ವಿಆರ್ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡು, ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಹೊಸ ಅಡುಗೆಮನೆಯೊಳಗೆ ಒಂದು ಸುತ್ತು ಹಾಕುತ್ತಾರಂತೆ.

"ಒಂದೇ ಸಲ. ಹೋದ್ಸಲದ ಹಾಗೆ ತಲೆ ಸುತ್ತಿದ್ರೆ, ಗೋಡೆ ಮಾತು ಅಲ್ಲಿಗೆ ಬಿಟ್ಬಿಡ್ಬೇಕು ನೀನು."

ಹೋದ ಸಲ, ಹಳೇ ಕಾರ್ಡಿನಲ್ಲಿ, ಕೀಬೋರ್ಡ್ ಮೇಲೇ ವಾಂತಿ. ಹೆಡ್‌ಸೆಟ್‌ಗೆ ಸೆಕೆಂಡಿಗೆ ತೊಂಬತ್ತು ಚಿತ್ರ ಬೇಕು. ಅದಕ್ಕಿಂತ ಕಡಿಮೆಯಾದರೆ ನೋಟ ತಡವರಿಸುತ್ತದೆ, ಹೊಟ್ಟೆ ತೊಳಸುತ್ತದೆ.

ಜೂನ್ 3, ಸಂಜೆ 5

ಹೊಸ ಅಡುಗೆಮನೆಯನ್ನು ಎರಡರಲ್ಲೂ ಓಡಿಸಿದೆ. ಚೂಟಿ: ಸೆಕೆಂಡಿಗೆ ಸರಾಸರಿ 131 ಚಿತ್ರ, ಅತಿ ಕಡಿಮೆ 112. ತಣ್ಣಗಿದೆ, ಸದ್ದಿಲ್ಲ.

ಡುಮ್ಮ: ಸರಾಸರಿ 104, ಅತಿ ಕಡಿಮೆ 97. ಒಳಗೆ ಕೂರಿಸಲು ಹಾರ್ಡ್‌ಡಿಸ್ಕ್ ಟ್ರೇ ಕಿತ್ತು ಜಾಗ ಮಾಡಬೇಕಾಯಿತು. ಉಗುರು ಮುರಿಯಿತು. ಗೊರಕೆ ಬೇರೆ.

ಇನ್ನೇನು ಯೋಚನೆ... ಡುಮ್ಮ ಡಬ್ಬಿಯೊಳಗೆ. ತಮ್ಮ ಬಂದು ಒಯ್ದ. "ಹೇಳಿದ್ನಲ್ಲ" ಅಂತ ನಕ್ಕ.

ಜೂನ್ 4, ಮಂಗಳವಾರ

ಖುಷಿಗೆ ತಡೆಯಲಾಗಲಿಲ್ಲ. ಹೆಡ್‌ಸೆಟ್ ಬೇಡ, ಸ್ಕ್ರೀನ್ ಮೇಲಾದರೂ ನೋಡಿ ಅಂತ ಇವರನ್ನು ಕರೆದೆ. ಬಿಳಿ ಕಟ್ಟೆ, ಫಳಫಳ ಒಲೆ, ಹೂದಾನಿಯಲ್ಲಿ ಮೂರು ಹೂವು. ಬಹಳ ಹೊತ್ತು ನೋಡಿದರು.

"ಯಾರದಿದು ಅಡುಗೆಮನೆ?"

"ನಮ್ಮದೇ ಕಣ್ರೀ."

"ಇಲ್ಲಿ ಅಡುಗೆ ಮಾಡೋರು ಯಾರೂ ಇಲ್ಲ." ಕುರ್ಚಿ ತಿರುಗಿಸಿಕೊಂಡು ಹೊರಟೇಬಿಟ್ಟರು.

ಸಿಟ್ಟು ನೆತ್ತಿಗೇರಿತು. ಪಾತ್ರೆ ತೊಳೆಯಲು ಹೋದೆ. ಸಿಂಕಿನಲ್ಲಿ ಇವರ ಬಾಣಲೆ — ತಳ ಸುಟ್ಟಿದ್ದು, ಒಂದು ಕಿವಿ ಸೊಟ್ಟ, ಒಳಗೆಲ್ಲ ಸೌಟಿನ ಗೀರು. ಹದಿನಾರು ವರ್ಷದಲ್ಲಿ ಒಂದೇ ಒಂದು ಕೊಳಕು ಪಾತ್ರೆ ಇಟ್ಟಿಲ್ಲ ನಾನು, ಯಾರ ಅಡುಗೆಮನೆಯಲ್ಲೂ. ನಮ್ಮ ಕಸುಬೇ ಹಾಗೆ, ಖಾಲಿ ಇಟ್ಟು ತೋರಿಸುವುದು. ಇವರು ಹೇಳಿದ್ದು ಸರಿ. ಒಪ್ಪಿಕೊಳ್ಳಲು ಮೂರು ತಟ್ಟೆ ತೊಳೆಯುವಷ್ಟು ಹೊತ್ತು ಹಿಡಿಯಿತು.

ಜೂನ್ 5, ಬುಧವಾರ

ಬೆಳಿಗ್ಗೆಯಿಂದ ಫೋಟೋ. ಒಂದೊಂದು ಪಾತ್ರೆಗೂ ಸುತ್ತ ಇಪ್ಪತ್ತು. ಡಬ್ಬಿ, ಸೌಟು, ಹಿಡಿ ಸಡಿಲವಾದ ಚಾಕು, ಎಣ್ಣೆ ಜಿಡ್ಡಿನ ಬಾಟಲಿ, ಒಂದು ತುದಿ ಸುಟ್ಟ ಮಸಿಬಟ್ಟೆ. ಒಟ್ಟು ನೂರಾ ನಲವತ್ತೊಂದು ಸಾಮಾನು. ಬೆನ್ನು ಬಿದ್ದುಹೋಗಿದೆ.

"ಏನ್ ಮಾಡ್ತಿದೀಯ ಅಲ್ಲಿ?"

"ನಿಮ್ಮ ಆಸ್ತಿ ಲೆಕ್ಕ."

ಜೂನ್ 6, ಗುರುವಾರ, ಮಧ್ಯಾಹ್ನ 12

ಎಲ್ಲ ಜೋಡಿಸಿ ಚೂಟಿಯಲ್ಲಿ ಓಡಿಸಿದೆ. ಸರಾಸರಿ 108. ಆಹಾ ಅನ್ನುವಷ್ಟರಲ್ಲಿ ಅತಿ ಕಡಿಮೆ ನೋಡಿದೆ — 19. ಒಲೆಯ ಕಡೆ ತಿರುಗಿದಾಗಲೆಲ್ಲ ಗಕ್ಕನೆ ನಿಲ್ಲುತ್ತದೆ. ಎಂಟು ಜಿಬಿ ತುಂಬಿ ತುಳುಕಿದೆ. ಕಾಲು ಚುರುಕು, ಜೋಳಿಗೆ ಸಣ್ಣದು.

ಪಾತ್ರೆಗಳ ಫೋಟೋಗಳನ್ನೆಲ್ಲ ಕುಗ್ಗಿಸಿದೆ. ಓಡಿತು. ಇವರನ್ನು ಕರೆದು, ಏನೂ ಹೇಳದೆ, ಬಾಣಲೆ ತೋರಿಸಿದೆ.

"ನಂದಲ್ಲ ಇದು." ಸ್ಕ್ರೀನಿಗೆ ಮುಖ ತಂದರು. "ನಂದರ ಹಾಗೇ ಇದೆ. ಆದ್ರೆ ಗೀರು ಎಲ್ಲಿ?"

ಗೀರು ಕುಗ್ಗಿಸಿದ್ದರಲ್ಲಿ ಅಳಿಸಿಹೋಗಿತ್ತು. ತಮ್ಮನಿಗೆ ಫೋನ್ ಮಾಡಿ, ಡುಮ್ಮ ವಾಪಸ್ ಬೇಕು ಅಂದೆ.

"ಅಕ್ಕಾ, ಅದನ್ನ ಗಿರಾಕಿ ಕಂಪ್ಯೂಟರಿಗೆ ಹಾಕ್ಬಿಟ್ನಲ್ಲ..."

"ತೆಗಿ."

"ಅವರು ಸಂಜೆ ಬರ್ತಾರೆ, ಏನ್ ಹೇಳ್ಲಿ?"

"ಚೂಟಿನ ಕೊಡು. ಜಾಸ್ತಿ ಸ್ಪೀಡು, ಕಣ್ಣು ಮುಚ್ಕೊಂಡು ಇಟ್ಕೊಳ್ಳಿ ಅನ್ನು."

ಜೂನ್ 6, ಸಂಜೆ 6

ಗಿರಾಕಿಗೆ ಬರೀ ಆಟ ಆಡಲಂತೆ, ಚೂಟಿ ಸಿಕ್ಕಿದ್ದಕ್ಕೆ ಹಿರಿಹಿರಿ ಹಿಗ್ಗಿದರಂತೆ. ಡುಮ್ಮ ಮರಳಿ ಮನೆಗೆ. ಗೀರು ಸಮೇತ, ಮಸಿಬಟ್ಟೆ ಸಮೇತ: ಸರಾಸರಿ 98, ಅತಿ ಕಡಿಮೆ 91. ತೊಂಬತ್ತಕ್ಕೆ ಒಂದೇ ಒಂದು ಜಾಸ್ತಿ. ಖಾಲಿ ಅಡುಗೆಮನೆಯ ಲೆಕ್ಕ ನೋಡಿ ಮೋಸಹೋಗಿದ್ದೆ. ತುಂಬಿದ ಮೇಲೆ ಎಲ್ಲಿಯವರೆಗೆ ಬೀಳುತ್ತದೆ ಅನ್ನುವುದನ್ನೇ ನೋಡಬೇಕಿತ್ತು.

ಜೂನ್ 7, ಶುಕ್ರವಾರ

ಮರೆಯುವ ಮೊದಲು ಬರೆದುಬಿಡುತ್ತೇನೆ.

ನಡುಮನೆಯ ಸಾಮಾನೆಲ್ಲ ಗೋಡೆಗೆ ತಳ್ಳಿದೆ. ಇವರ ಕುರ್ಚಿ ನಡುವೆ. ಹೆಡ್‌ಸೆಟ್ ಕಟ್ಟಿದೆ. ನನ್ನ ಕಣ್ಣು ಸ್ಕ್ರೀನಿನ ಮೂಲೆಯ ನಂಬರಿನ ಮೇಲೆ. 97. 95. ಬಾಗಿಲು ದಾಟಿದರು. ಒಲೆಯ ಕಡೆ ಸರ್ರನೆ ತಿರುಗಿದರು — 91. ಉಸಿರು ಹಿಡಿದೆ. ಅಲ್ಲೇ ನಿಂತಿತು, ಡುಮ್ಮ ದೇವರಂಥವನು.

"ತಲೆ ಸುತ್ತುತ್ತಾ ರೀ?"

"ಸುಮ್ನಿರು. ಒಲೆ ಹತ್ರ ಇದೀನಿ."

ಬಾಣಲೆಯತ್ತ ಕೈ ಚಾಚಿದರು. ಸೊಟ್ಟ ಕಿವಿಯ ಕಡೆಯಿಂದಲೇ, ಯಾವಾಗಲೂ ಹಿಡಿಯುತ್ತಿದ್ದ ಹಾಗೆ. ಕೈಗೆ ಏನೂ ಸಿಗಲಿಲ್ಲ. ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡರು. ಮುಗಿಯಿತು, ಹೆಡ್‌ಸೆಟ್ ಕಿತ್ತೆಸೆಯುತ್ತಾರೆ ಅಂದುಕೊಂಡೆ.

"ಕಟ್ಟೆ ಇನ್ನೂ ನಾಲ್ಕು ಬೆರಳು ಇಳಿಸು. ಪಾತ್ರೆ ಒಳಗೆ ಏನ್ ಬೇಯ್ತಿದೆ ಅಂತ ಕಾಣ್ಬೇಡ್ವಾ ನನಗೆ? ಉಪ್ಪಿನ ಡಬ್ಬಿ ಕಿಟಕಿ ಹತ್ರ ಯಾವಳು ಇಟ್ಟಿದ್ದು? ಬಲಗೈ ಪಕ್ಕ ಇರ್ಲಿ."

ಮೌಸ್ ಹಿಡಿದು ಡಬ್ಬಿ ಸರಿಸಿದೆ. ಅತ್ತುಬಿಟ್ಟೆ. ಕಣ್ಣಿಗೆ ಹೆಡ್‌ಸೆಟ್ ಇತ್ತಲ್ಲ, ಇವರಿಗೆ ಕಾಣಲಿಲ್ಲ. ಸೋಮವಾರ ಮೇಸ್ತ್ರಿ ಬರುತ್ತಾರೆ.

ಜುಲೈ 7, ಭಾನುವಾರ, ಬೆಳಿಗ್ಗೆ 11

ಒಂದು ತಿಂಗಳು ಬರೆದಿಲ್ಲ. ಬರೀ ಧೂಳು. ಮೇಸ್ತ್ರಿ ನಿನ್ನೆ ಕೆಲಸ ಮುಗಿಸಿ ಹೋದರು. ಡುಮ್ಮನ ಮೇಲಿನ ಬೆಡ್‌ಶೀಟ್ ಇನ್ನೂ ತೆಗೆದಿಲ್ಲ.

ಅಡುಗೆಮನೆಯಿಂದ ಈರುಳ್ಳಿ ಹೆಚ್ಚುವ ಸದ್ದು. ಒಂದೇ ಲಯ, ಹೋಟೆಲಿನವರ ಕೈ. ನನಗೆ ಒಳಗೆ ಬರಬೇಡ ಅಂತ ಅಪ್ಪಣೆಯಾಗಿದೆ. ಕೂತು ಸುಮ್ಮನೆ ಕೇಳುತ್ತಿದ್ದೇನೆ. ಹೊಟ್ಟೆ ಹಸಿದಿದೆ, ಸುಖವಾಗಿದೆ.

"ಲೇ, ಉಪ್ಪೆಲ್ಲಿ?"

ಬಲಗೈ ಪಕ್ಕಕ್ಕೇ ಇಟ್ಟೆನಲ್ಲ... ಅಯ್ಯೋ, ಅದು ಮೌಸಿನಲ್ಲಿ. ನಿಜವಾದ ಡಬ್ಬಿ ಮಂಚದ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ, ಯಾವ ಪೆಟ್ಟಿಗೆಯೋ — ಮತ್ತೆ ಕೂಗುತ್ತಿದ್ದಾರೆ, ಎಣ್ಣೆ ಕಾದಿದೆಯಂತೆ, ಬೇಗ