ಕಬ್ಬಿಣಕ್ಕೆ ಸುತ್ತಿದ್ದ ಕಾಗದ

ದೊಡ್ಡಮ್ಮ,

ಈ ಪತ್ರ ಬರೆಯಲು ಕೂತಿರುವುದು ಇದು ನಾಲ್ಕನೇ ಸಲ. ಮೊದಲ ಮೂರನ್ನೂ ಹರಿದುಹಾಕಿದೆ. ಹರಿದ ಕಾಗದ ಜೋಡಿಸಿ ಹೊಟ್ಟೆ ಹೊರೆಯುವವಳು ಮನೆಯಲ್ಲಿ ಕೂತು ಕಾಗದ ಹರಿಯುತ್ತಿದ್ದಾಳೆಂದು ಕಚೇರಿಯವರಿಗೆ ಗೊತ್ತಾದರೆ ನಕ್ಕಾರು. ಎಂಟು ದಿನದಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೆ ಎರಡು ಸಲ ಫೋನ್ ಮಾಡಿ, ಮಂಡಿನೋವು ವಿಚಾರಿಸಿ ಇಟ್ಟುಬಿಟ್ಟೆ. "ಏನೋ ನುಂಗ್ಕೋತಿದ್ದೀಯ ಕಣೇ" ಅಂದೆ ನೀನು. ಹೌದು, ನುಂಗಿಕೊಳ್ಳುತ್ತಿದ್ದೆ. ಇನ್ನು ಆಗುವುದಿಲ್ಲ.

ಅಜ್ಜನ ಕೇಸಿನ ಕಡತ ನನ್ನ ಮೇಜಿಗೆ ಬಂದಿದೆ. ಅರವತ್ತೊಂದು ವರ್ಷ ಹಳೆಯದು. ಒಂದು ಲೋಟ ನೀರು ಕುಡಿ, ಗಟ್ಟಿಯಾಗಿ ಕೂತುಕೋ, ಆಮೇಲೆ ಮುಂದೆ ಓದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನ್ಯಾಯಾಲಯದ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ತುಕ್ಕು ಹಿಡಿದ ಪಿನ್ನು ಕೀಳುವುದು, ಧೂಳು ಒರೆಸುವುದು, ಹರಿದಲ್ಲಿ ತೆಳುಕಾಗದ ಅಂಟಿಸಿ ಹೊಸ ಹೊದಿಕೆ ಹಾಕುವುದು. ಕಳೆದ ಮಂಗಳವಾರ ಬಂದ ಕಟ್ಟಿನ ಮೇಲೆ ನಿನ್ನ ಅಪ್ಪನ ಹೆಸರಿತ್ತು. ನಮ್ಮ ಮನೆಯವರ ಕೇಸಾದರೆ ಬೇರೆಯವರಿಗೆ ದಾಟಿಸಬೇಕೆಂಬ ನಿಯಮವಿದೆ. ನಾನು ದಾಟಿಸಲಿಲ್ಲ. ತಪ್ಪು, ಗೊತ್ತಿದ್ದೇ ಮಾಡಿದೆ.

ನಿನ್ನ ಹೇಳಿಕೆ ಮೂವತ್ತೇಳನೇ ಪುಟದಲ್ಲಿದೆ. ನಿನಗಾಗ ಒಂಬತ್ತು ವರ್ಷ. ಕಟಕಟೆ ಎತ್ತರವಾಯಿತೆಂದು ಸ್ಟೂಲು ತರಿಸಿ ನಿಲ್ಲಿಸಿದರಂತೆ, ಅದನ್ನೂ ಗುಮಾಸ್ತ ಬರೆದಿಟ್ಟಿದ್ದಾನೆ. "ಆವತ್ತು ಅಪ್ಪ ಎಷ್ಟೊತ್ತಿಗೆ ಬಂದ್ರು?" "ಕತ್ತಲಾದ ಮೇಲೆ." "ಬಂದ ತಕ್ಷಣ ಏನು ಮಾಡಿದ್ರು?" "ಕೈ ತೊಳ್ಕೊಂಡ್ರು." ಅಲ್ಲಿಗೆ ಪ್ರಶ್ನೆ ಮುಗಿಯಿತು. ಅಚ್ಚುಮೊಳೆ ಜೋಡಿಸುವವನು ದಿನಾ ಮನೆಗೆ ಬಂದು ಕೈಯ ಮಸಿ ತೊಳೆಯುತ್ತಾನೋ ಇಲ್ಲವೋ ಎಂದು ಒಬ್ಬನಾದರೂ ಕೇಳಬಾರದಿತ್ತೇ? ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ. ಅಜ್ಜ ಕೆಲಸಕ್ಕಿದ್ದ ಪ್ರೆಸ್ಸಿನ ಮಾಲೀಕ ಊರಿನ ಆ ತುದಿಯಲ್ಲಿದ್ದ ತನ್ನ ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಹೊಡೆದದ್ದು ಪ್ರೆಸ್ಸಿನಲ್ಲಿ ಚೌಕಟ್ಟು ಬಿಗಿಯುವ ಕಬ್ಬಿಣದ ಸಲಾಕೆಯಿಂದ. ಎರಡು ದಿನ ಮುಂಚೆ ಆತ ಎಲ್ಲರೆದುರು ಅಜ್ಜನ ಕೆನ್ನೆಗೆ ಹೊಡೆದಿದ್ದ. ಇಷ್ಟಕ್ಕೆ ನಿನ್ನ ಎರಡು ಉತ್ತರ ಸೇರಿಸಿ ಜನ್ಮಾವಧಿ ಬರೆದರು. ನಾಲ್ಕನೇ ವರ್ಷ ಅಜ್ಜ ಜೈಲಿನಲ್ಲೇ ತೀರಿಕೊಂಡ.

ಅಡುಗೆಗೆ ಉಪ್ಪು ಸಾಕಾ ಅಂತ ಕೇಳಿದರೂ ನೀನು "ನಂಗೇನ್ ಗೊತ್ತು, ನೀನೇ ನೋಡು" ಅನ್ನುತ್ತಿದ್ದೆ. ನಾವು ಮಕ್ಕಳು ನಿನ್ನ ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದೆವು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟೆ, ನಿನ್ನ ಬಾಯಿಂದ ಮಾತ್ರ ಒಂದು ಹೌದು, ಒಂದು ಇಲ್ಲ ಹೊರಡಲಿಲ್ಲ. ಕಾರಣ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹೇಳಿದಳು. "ತಾನೇ ಅಪ್ಪನ್ನ ಜೈಲಿಗೆ ಕಳಿಸ್ದೆ ಅಂತ ಅಂದ್ಕೊಂಡಿದ್ದಾಳೆ ಅಕ್ಕ. ಒಂದಿನಾನೂ ಬಾಯಿಬಿಟ್ಟಿಲ್ಲ, ಆದ್ರೆ ನಂಗೆ ಗೊತ್ತು." ಆಮೇಲೆ ನಿನ್ನನ್ನು ಅಣಕಿಸಲು ನನಗೆ ಬಾಯಿ ಬರಲಿಲ್ಲ.

ಈಗ ಕಾಗದದ ವಿಷಯ. ಕಡತದ ಜೊತೆಗೇ ಆ ಸಲಾಕೆಯೂ ಒಂದು ಪೊಟ್ಟಣದಲ್ಲಿ ಬಂದಿತ್ತು. ನಮ್ಮಲ್ಲಿ ಹಳೆಯ ಸುತ್ತುಕಾಗದ ನೇರವಾಗಿ ಕಸದ ಬುಟ್ಟಿಗೆ ಹೋಗುತ್ತದೆ, ಅದನ್ನು ಓದುವ ಪದ್ಧತಿ ಇಲ್ಲ. ನಾನೂ ಎಸೆಯಲು ಕೈ ಎತ್ತಿದ್ದೆ. ಒಳಮೈಯಲ್ಲಿ ಅಚ್ಚಾದ ಸಾಲುಗಳು ಕಂಡವು. ಅದು ಪ್ರೂಫ್ ಹಾಳೆ, ಅಚ್ಚಿಗೆ ಮೊದಲು ತಪ್ಪು ನೋಡಲು ತೆಗೆಯುವ ಕರಡು. ತಪ್ಪು ಯಾರದೆಂದು ಗೊತ್ತಾಗಬೇಕೆಂದು ಆ ಮಾಲೀಕನೇ ಒಂದು ನಿಯಮ ಮಾಡಿದ್ದನಂತೆ. ಮೊಳೆ ಜೋಡಿಸಿದವನು ಹಾಳೆಯ ಬುಡದಲ್ಲಿ ತನ್ನ ಗುರುತು, ತಾರೀಖು, ಗಂಟೆ ಹಾಕಬೇಕು. ಪ್ರೂಫ್ ತಿದ್ದುವವನು ಹಾಳೆಯನ್ನು ಅವನ ಕೈಯಿಂದಲೇ ಇಸಕೊಂಡು ಅದರ ಕೆಳಗೆ ತನ್ನದು ಹಾಕಬೇಕು. ಅಜ್ಜ ನ್ಯಾಯಾಧೀಶರ ಮುಂದೆ ಹೇಳಿದ್ದು ಇದನ್ನೇ. "ನನ್ನ ಗುರುತು ಎರಡು ಅಡ್ಡಗೆರೆ. ನಾನಾಗ ಪ್ರೆಸ್ಸಲ್ಲೇ ಇದ್ದೆ. ಆ ಹಾಳೆ ಹುಡುಕ್ಸಿ, ಬುದ್ಧಿ." ಅಂಥ ಹಾಳೆ ಸಿಗಲಿಲ್ಲವೆಂದು ತೀರ್ಪಿನಲ್ಲಿದೆ. ಹಾಳೆ ಅವರ ಕಣ್ಣೆದುರಿಗೇ ಇತ್ತು, ಸಲಾಕೆಗೆ ಸುತ್ತಿಕೊಂಡು. ಎರಡು ಅಡ್ಡಗೆರೆ, ಅದೇ ತಾರೀಖು, ಸಂಜೆ ಆರೂವರೆ. ಮಾಲೀಕ ಸತ್ತದ್ದು ಆರೂವರೆಯಿಂದ ಏಳರ ನಡುವೆ.

ನನಗೆ ಎದ್ದು ಕುಣಿಯಬೇಕೆನಿಸಿತು, ದೊಡ್ಡಮ್ಮ. ಫೋನೂ ಎತ್ತಿಕೊಂಡೆ. ಆಗ ಅದರ ಕೆಳಗಿನ ಗುರುತು ನೋಡಿದೆ. ಬಾಲವಿರುವ ಸೊನ್ನೆ. ಏಳು ಗಂಟೆ.

ಬಾಲದ ಸೊನ್ನೆ ನನ್ನ ಕಾಪಿ ಪುಸ್ತಕಗಳ ತುಂಬ ಇದೆ, ನಿನ್ನವುಗಳಲ್ಲೂ ಇದ್ದಿರಬೇಕು. ಕನ್ನಡಕದ ಮಾಮ ಪ್ರತಿ ಭಾನುವಾರ ಕೆಂಪು ಪೆನ್ಸಿಲ್ ಹಿಡಿದು ಬರುತ್ತಿದ್ದರಲ್ಲ. ನಿನಗೂ ಅಮ್ಮನಿಗೂ ಅಕ್ಷರ ತಿದ್ದಿಸಿದವರು, ನಿನ್ನನ್ನು ಟೆಲಿಫೋನ್ ಕಚೇರಿಗೆ ಸೇರಿಸಿದವರು, ನಿನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವರು. ಅವರು ಆ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ಕೋರ್ಟಿನಲ್ಲಿ ಏನು ಹೇಳಿದ್ದರೆಂದು ಗೊತ್ತಿರಲಿಲ್ಲ. ಒಂದೇ ಸಾಲು. "ನಾನು ಐದು ಗಂಟೆಗೇ ಮನೆಗೆ ಹೋದೆ, ಯಾವ ಪ್ರೂಫನ್ನೂ ನೋಡಲಿಲ್ಲ." ಏಳು ಗಂಟೆಗೆ ಅಜ್ಜನ ಕೈಯಿಂದ ಹಾಳೆ ಇಸಕೊಂಡು ಗುರುತು ಹಾಕಿದ ಮನುಷ್ಯ ಹೇಳಿದ ಮಾತು ಇದು.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಜಪ್ತಿ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. ಸಲಾಕೆಯನ್ನು ಗುರುತಿಸಲು ಪೊಲೀಸರು ಪ್ರೆಸ್ಸಿಗೆ ತಂದಾಗ ಅದನ್ನು ಸುತ್ತಲು ಕಾಗದ ಕೊಟ್ಟವರೂ ಅವರೇ. ರದ್ದಿಯ ರಾಶಿಯಲ್ಲಿ ಸಾವಿರ ಹಾಳೆ ಇರುವಾಗ ಇದೇ ಏಕೆ ಅವರ ಕೈಗೆ ಬಂತು? ಕಣ್ಣುತಪ್ಪಿ ಕೊಟ್ಟರೇ? ಹಾಳೆ ಅಲ್ಲಿಗೇ ಮುಗಿಯಲೆಂದು ಕೊಟ್ಟರೇ? ಅಥವಾ ಬಾಯಲ್ಲಿ ಹೇಳಲು ಧೈರ್ಯವಿಲ್ಲದೆ, ಕೋರ್ಟಿನಲ್ಲಿ ಯಾರಾದರೂ ಬಿಚ್ಚಿ ಓದಲಿ ಎಂದು ಕೊಟ್ಟರೇ? ಕೊಂದವರು ಯಾರೆಂದು ಅವರಿಗೆ ಗೊತ್ತಿತ್ತೇ, ಅವರನ್ನು ಯಾರಾದರೂ ಹೆದರಿಸಿದ್ದರೇ? ಕಡತ ಹೇಳುವುದಿಲ್ಲ, ಕೇಳೋಣವೆಂದರೆ ಅವರೂ ಈಗಿಲ್ಲ. ತಲೆಗೆ ಹುಳ ಬಿಟ್ಟಂತಾಗಿದೆ. ಬಸ್ಸಿನಲ್ಲಿ ಕೂತರೂ ಅದೇ, ಪಾತ್ರೆ ತೊಳೆಯುವಾಗಲೂ ಅದೇ.

ಒಂದು ಹೊಲಸು ಯೋಚನೆಯನ್ನೂ ಹೇಳಿಬಿಡುತ್ತೇನೆ. ಹಾಳೆಯ ಕೆಳಅಂಚು ಜೂಲು ಜೂಲಾಗಿತ್ತು. ಜೂಲಾದ ಅಂಚನ್ನು ಉಗುರಿನಗಲ ಕತ್ತರಿಸಲು ನಮಗೆ ಅನುಮತಿ ಇದೆ. ಮಾಮನ ಗುರುತು ಇದ್ದದ್ದು ಆ ಉಗುರಿನಗಲದಲ್ಲೇ. ಕತ್ತರಿಸಿದರೆ ಯಾರೂ ಕೇಳರು. ನಿನಗೆ ನಿರಪರಾಧಿ ಅಪ್ಪನೂ ಸಿಗುತ್ತಾನೆ, ಗೋಡೆಯ ಮೇಲಿನ ಮಾಮನ ಫೋಟೋವೂ ಉಳಿಯುತ್ತದೆ. ಕತ್ತರಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಪಕ್ಕದ ಮೇಜಿನ ಗುಮಾಸ್ತೆ "ಏನ್ರೀ, ಅಂಚು ಕತ್ತರ್ಸೋಕೂ ಮುಹೂರ್ತ ನೋಡ್ತಿದ್ದೀರಾ?" ಅಂದಳು.

ಕತ್ತರಿಸಲಿಲ್ಲ. ಅಜ್ಜನ ಗುರುತೊಂದೇ ಇದ್ದರೆ ಅದು ಆರೋಪಿ ತಾನೇ ಬರೆದುಕೊಂಡದ್ದು ಅನ್ನುತ್ತಾರೆ. ಅವನು ಅಲ್ಲಿದ್ದನೆಂದು ಹೇಳುವುದು ಮಾಮನ ಗುರುತೇ. ಅದು ಹೋದರೆ ಅಜ್ಜನೂ ಹೋದ. ಇನ್ನೊಂದು ಮಾತೂ ಹೊಳೆಯಿತು. ನಿಜವನ್ನು ಮಡಚಿಟ್ಟು ಮೇಲೆ ಒಳ್ಳೆಯದು ಮಾಡುತ್ತಾ ಹೋಗುವ ಕೆಲಸ ಮಾಮ ಆಗಲೇ ಮಾಡಿ ಮುಗಿಸಿದ್ದಾರೆ. ನನಗೆ ಅಕ್ಷರ ಕೊಟ್ಟದ್ದೂ ಅವರೇ, ಉಂಡ ಮನೆಗೆ ಎರಡು ಬಗೆದಂತೆ ಅನಿಸುತ್ತಿದೆ. ಅವರ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಯೇ ಅಳು ಬರುತ್ತದೆ. ನಿನ್ನೆ ಎಲ್ಲವನ್ನೂ ನಮ್ಮ ಮೇಲಧಿಕಾರಿಗೆ ಒಪ್ಪಿಸಿದೆ. ಚೆನ್ನಾಗಿ ಬೈದರು, ಬೈದು ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಹಳೆಯ ತೀರ್ಪನ್ನು ಮತ್ತೆ ನೋಡಿ ಎಂದು ಮಕ್ಕಳು ಅರ್ಜಿ ಹಾಕಬಹುದಂತೆ. ಉಳಿದಿರುವ ಮಗಳು ನೀನೊಬ್ಬಳೇ. ಅರ್ಜಿಯಲ್ಲಿ ಮಾಮ ಸುಳ್ಳು ಹೇಳಿದರೆಂದು ಬರೆಯಲೇಬೇಕು, ಅದನ್ನು ತಪ್ಪಿಸುವ ದಾರಿ ಹುಡುಕಿದೆ, ಇಲ್ಲ. ನಮೂನೆಯನ್ನು ಹಾಳೆಯ ನಕಲಿನ ಜೊತೆ ಇದರೊಳಗೆ ಇಟ್ಟಿದ್ದೇನೆ. ಸಹಿ ಹಾಕು ಎಂದೂ ಅನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ಹಾಕದಿದ್ದರೆ ಯಾಕೆಂದು ಈ ಜನ್ಮದಲ್ಲಿ ಕೇಳುವುದಿಲ್ಲ.

ಆದರೆ ಮೂವತ್ತೆಂಟನೇ ಪುಟದ ಮೊದಲ ನಾಲ್ಕು ಸಾಲು ನೀನು ತಿಳಿಯಲೇಬೇಕು. ಅಷ್ಟರಲ್ಲಿ ನಿನ್ನನ್ನು ಸ್ಟೂಲಿನಿಂದ ಇಳಿಸಿ ಹೊರಗೆ ಕರೆದುಕೊಂಡು ಹೋಗಿದ್ದರು, ಹಾಗಾಗಿ ನಿನಗೆ ಕೇಳಿಸಿಲ್ಲ. ಈ ಸಾಕ್ಷಿಯನ್ನು ಮತ್ತೆ ಕರೆಸಿ ಪ್ರಶ್ನೆ ಕೇಳುತ್ತೀಯಾ ಎಂದು ನ್ಯಾಯಾಧೀಶರು ಅಜ್ಜನನ್ನು ಕೇಳಿದರು. ಗುಮಾಸ್ತ ಅವನ ಮಾತನ್ನು ಅವನು ಆಡಿದಂತೆಯೇ ಬರೆದಿಟ್ಟಿದ್ದಾನೆ: "ನನ್ನ ಮಗಳು ನಿಜಾನೇ ಹೇಳಿದ್ದಾಳೆ. ಅವಳನ್ನ ಇನ್ನೇನೂ ಕೇಳ್ಬೇಡಿ, ಬುದ್ಧಿ. ಮನೆಗೆ ಕಳಿಸಿ, ಹಸಿದಿರ್ತಾಳೆ."

ನಿನ್ನ ಮಂಡಿನೋವು ಕಡಿಮೆಯಾಗಲಿ, ಕಣ್ತುಂಬ ನಿದ್ದೆ ಬರಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿಯ ಮಗಳು