ಅಣ್ಣನ ಹೆಸರಿನಲ್ಲಿ ಕೊಟ್ಟ ರಕ್ತ

೧೪ ನವೆಂಬರ್ ೨೦೨೪, ಗುರುವಾರ. ಮಾಲೂರು.

ಇವತ್ತು ಕೋಲಾರದಲ್ಲಿ ಆವಲಪ್ಪಣ್ಣನಿಗೆ ಮೂರನೇ ಸಲ ಡಯಾಲಿಸಿಸ್ ಆಯಿತು. ಡಾಕ್ಟರು ಹೋದ ವರ್ಷದ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, "ಆಗ ಕಿಡ್ನಿ ಚೆನ್ನಾಗೇ ಇತ್ತಲ್ಲ, ಒಂದೇ ವರ್ಷದಲ್ಲಿ ಹೇಗೆ ಹೋಯ್ತು?" ಎಂದರು.

ಆ ರಕ್ತ ಅಣ್ಣನದಲ್ಲ, ನನ್ನದು. ನಾವಿಬ್ಬರೂ ದುಡಿಯುವ ಫ್ಯಾಕ್ಟರಿಯಲ್ಲಿ ಆರೋಗ್ಯ ತಪಾಸಣೆ ನಡೆದ ದಿನ ಅಣ್ಣ, "ಸೂಜಿ ಅಂದ್ರೆ ನಂಗಾಗಲ್ಲ ಕಣೋ ಅಮರ, ನನ್ನ ಹೆಸರಲ್ಲೂ ನೀನೇ ಕೊಟ್ಬಿಡು" ಎಂದ. ನಗುತ್ತಲೇ ಎರಡು ಸಲ ತೋಳು ಚಾಚಿದೆ. ಯಾರೂ ಮುಖ ನೋಡಲಿಲ್ಲ. ಅವನ ಕಾಲು ಆಗಲೇ ಊದುತ್ತಿತ್ತು. ರಿಪೋರ್ಟ್ ಸರಿಯಿದೆಯೆಂದು ಭಾರತಮ್ಮ ಅತ್ತಿಗೆಯೂ ಸುಮ್ಮನಾದರು.

ಮಧ್ಯಾಹ್ನ ಡಾಕ್ಟರ ಹಿಂದೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆಗಲೇ ಗೊತ್ತಾಗಿದ್ರೆ ಔಷಧಿಯಲ್ಲೇ ತಡೀಬಹುದಿತ್ತೇನೋ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೊರಗೆ ಅತ್ತಿಗೆ ಕಾಯುತ್ತಿದ್ದರು. "ಡಾಕ್ಟರು ಏನಂದ್ರಪ್ಪ?"

"ಏನಿಲ್ಲ ಅತ್ತಿಗೆ" ಎಂದೆ.

ಬಸ್ಸಿನಲ್ಲಿ ಅಣ್ಣ ನಿದ್ದೆಹೋದ. ಅತ್ತಿಗೆ ಅವನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು, "ನೀನೊಬ್ಬ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ ಅಮರ" ಎಂದರು. ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಾಲೂರು ಬಂತು, ಅಣ್ಣನನ್ನು ಎಬ್ಬಿಸಿ ಇಳಿಸಿದೆವು.