ಬೆರಳಾಡುವ ಜಾಗದ ವಿಭೂತಿ

ಉಣಕಲ್, ಹುಬ್ಬಳ್ಳಿ
೨೦ ಅಕ್ಟೋಬರ್ ೨೦೦೮

ಪ್ರೀತಿಯ ಆಯಿ, ನಿನ್ನ ಪಾದಗಳಿಗೆ ಮೊಮ್ಮಗ ಶಾಂತಯ್ಯನ ಶರಣು.

ನಿನ್ನ ಮೊಣಕಾಲುಗಳು ಹೇಗಿವೆ? ಕಾಶೀಬಾಯಿ ಅತ್ತೆಯ ಕಾಲಿನ ಪಟ್ಟಿ ಬಿಚ್ಚಿದರೇ? ಅವರ ಕಾಲು ನೋಡಿಕೊಳ್ಳಲು ಹೋದವಳು ಅಲ್ಲಿಯೂ ನಿಂತೇ ರೊಟ್ಟಿ ಬಡಿಯುತ್ತಿರುತ್ತೀ, ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಮೇಲೊಂದು ಗಂಭೀರ ಆರೋಪವಿದೆ ಎಂಬುದನ್ನು ಬಿಟ್ಟರೆ. ಪತ್ರ ಓದಿ ಹೇಳುತ್ತಿರುವ ಅತ್ತೆಯವರು ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶರ ಧ್ವನಿಯಲ್ಲಿ ಮುಂದುವರಿಯಬೇಕು.

ದಾಖಲೆಗಾಗಿ ಅತ್ತೆಗೊಂದು ಮಾತು. ಕಣ್ಣಿಲ್ಲದ ನನಗೆ ಕಂಪ್ಯೂಟರ್ ತನ್ನ ಪರದೆಯ ಮೇಲಿನದನ್ನು ಬಾಯಿಬಿಟ್ಟು ಹೇಳುತ್ತದೆ. ಜೊತೆಗೆ, ಮುಂದಿಟ್ಟ ಬ್ರೈಲ್ ಯಂತ್ರದಲ್ಲಿ ಸಣ್ಣ ಮೊಳೆಗಳು ಎದ್ದು ಅದೇ ಅಕ್ಷರಗಳು ನನ್ನ ಬೆರಳಿಗೂ ಸಿಗುತ್ತವೆ. ದಸರೆಯ ಮರುದಿನ ಧಾರವಾಡದ ರೇಡಿಯೊದಲ್ಲಿ ಉದ್ಘೋಷಕರ ಪರೀಕ್ಷೆಯಿತ್ತು. ಕಿವಿಯಲ್ಲಿ ಕಂಪ್ಯೂಟರ್ ಹೇಳಿದ್ದನ್ನು ಮೈಕಿನೆದುರು ತಿರುಗಿ ಹೇಳಿದರೆ ಅದು ಗಿಳಿಪಾಠ. ಬೆರಳಿನಿಂದ ಓದಿದರೆ ಮಾತ್ರ ನನ್ನ ಮಾತು. ಖಂಡೇಪೂಜೆಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆ ಮುಗಿಸಿ, ಸಂಜೆ ನೀನು ಬಸ್ಸು ಹತ್ತಿದೆ. ಮರುದಿನ, ದಸರೆಯ ಬನ್ನಿ ಕೊಡುವ ದಿನ ಬೆಳಿಗ್ಗೆ ಓದಲು ಕುಳಿತರೆ, ನನ್ನ ಬೆರಳಿನ ಕೆಳಗೆ ‘ಧಾರವಾಡ’ ಹಲ್ಲು ಬಿದ್ದ ಮುದುಕನಂತೆ ಬಂತು!

ಮೊದಲು ಉಮಾಶ್ರೀಯನ್ನು ಬಂಧಿಸಿದೆ. "ಕೆಡವೀಯೇನ?" ಎಂದೆ. "ನಿನ್ನ ಆಣಿ, ಮುಟ್ಟೇ ಇಲ್ಲ! ಇನ್ನ ನಿನ್ನ ಖೋಲಿಗೆ ಕಾಲಿಟ್ರ ಕೇಳು!" ಎಂದು ತಂಗಿ ಮುನಿಸಿಕೊಂಡು ಹೋದಳು. ತಂತಿ ಕಿತ್ತು ಬೇರೆ ಕಡೆ ಸಿಕ್ಕಿಸಿದೆ. ಓದಿ ಹೇಳುವ ತಂತ್ರಾಂಶವನ್ನು ಮುಚ್ಚಿ ತೆರೆದೆ. ಅದು ಸ್ಪಷ್ಟವಾಗಿ ‘ಧಾರವಾಡ’ ಎನ್ನುತ್ತಿತ್ತು, ಮೊಳೆಗಳು ಮಾತ್ರ ತೊದಲುತ್ತಿದ್ದವು. ನಾಳೆ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡು ಸಾಲನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಆಗ ಹೊಳೆಯಿತು: ಸಾಲಿನ ಎರಡೂ ತುದಿ ಸರಿ, ಕೆಟ್ಟಿದ್ದು ನಡುವಷ್ಟೇ. ‘ಧಾರವಾಡ’ವನ್ನು ತುದಿಗೆ ಸರಿಸಿದೆ, ಹಲ್ಲು ಬಂದವು. ಸರಿಯಿದ್ದ ‘ಹುಬ್ಬಳ್ಳಿ’ಯನ್ನು ನಡುವೆ ತಂದೆ, ಹಲ್ಲು ಬಿದ್ದವು. ತಪ್ಪು ಕುಳಿತವರದಲ್ಲ, ಕುರ್ಚಿಯದು! ನಡುವೆ ಬೆರಳು ಒತ್ತಿ ಮೂಸಿದೆ. ದೇವರ ಮನೆಯ ವಾಸನೆ.

ಕೂಗಿ ಕರೆದ ಮೇಲೆ ಉಮಾಶ್ರೀ ಬಂದು ನೋಡಿ, "ಯಪ್ಪಾ, ಮೂರು ಪಟ್ಟಿ ವಿಭೂತಿ ಹಚ್ಚಿಸಿಕೊಂಡು ಸ್ವಾಮಿಗಳಂಗ ಕುಂತೈತಲ್ಲೋ!" ಎಂದು ನೆಲಕ್ಕೆ ಬಿದ್ದು ನಕ್ಕಳು. ಆಮೇಲೆ, ಹೋಗುವಾಗ ನೀನು ಅಂದದ್ದನ್ನು ನೆನಪಿಸಿಕೊಂಡು ಹೇಳಿದಳು: "ಯಂತ್ರದ ಹಣಿ ಎಲ್ಲೈತೋ ತಿಳೀಲಿಲ್ಲವಾ. ನಮ್ಮ ಶಾಂತ್ಯಾನ ಬೆರಳು ಆಡೂ ಜಾಗಾನ ಹಣಿ ಅಂತ ತಿಳಕೊಂಡು ಹಚ್ಚೀನಿ." ಘನ ನ್ಯಾಯಾಲಯವು ಈ ಹೇಳಿಕೆಯನ್ನು ಎರಡು ಸಲ ಹೇಳಿಸಿ ಕೇಳಿತು.

ನೀರು ಸೋಕಿಸದೆ, ತಂತಿ ಕಿತ್ತು, ಯಂತ್ರವನ್ನು ಬೋರಲು ಹಿಡಿದು, ಉಮಾಶ್ರೀಯ ಚಿತ್ರ ಬರೆಯುವ ಕುಂಚದಿಂದ ಮೊಳೆಗಳ ಸಂದಿ ಸಂದಿ ಗುಡಿಸಿದೆ. ಮತ್ತೆ ಜೋಡಿಸಿ ಎಲ್ಲ ಮೊಳೆಗಳಿಗೂ ಏಳುವಂತೆ ಅಪ್ಪಣೆ ಕೊಟ್ಟೆ. ಮಠದಲ್ಲಿ ಅಜ್ಜಾರು ಬಂದಾಗ ಜನ ಏಳುವಂತೆ ಎಲ್ಲವೂ ಒಮ್ಮೆಲೇ ಎದ್ದು ನಿಂತವು, ಆಯಿ! ಸಂಜೆ ಅದಕ್ಕೂ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದೆ. ಮೇಲಲ್ಲ, ಪಕ್ಕದಲ್ಲಿಟ್ಟು.

ಮರುದಿನ ಪರೀಕ್ಷೆಯಲ್ಲಿ ಅವರು ಕಂಪ್ಯೂಟರಿಗೆ ಹಾಕಿಕೊಟ್ಟದ್ದನ್ನೆಲ್ಲ ಈ ಯಂತ್ರದ ಮೇಲೆ ಬೆರಳಾಡಿಸುತ್ತ ಓದಿದೆ. ಅಲ್ಲಿಯ ಹಿರಿಯರೊಬ್ಬರು, "ಹಾಳಿ ತಿರುವೋ ಸಪ್ಪಳನ ಇಲ್ಲಲ್ಲೋ ತಮ್ಮಾ!" ಎಂದರು. "ದೀಕ್ಷಾ ತಗೊಂಡ ಯಂತ್ರರೀ ಸರ" ಎಂದೆ, ನಗದೆ.

ತೀರ್ಪು: ಆರೋಪ ಸಾಬೀತಾಗಿದೆ. ಬರುವಾಗ ಅಪರಾಧಿಯು ಡಬ್ಬಿ ತುಂಬ ಶೇಂಗಾ ಹೋಳಿಗೆ ತರತಕ್ಕದ್ದು. ಅತ್ತೆಗೆ ನಮಸ್ಕಾರ. ನಿನ್ನ ಮೊಣಕಾಲಿಗೆ ನನ್ನ ಆಶೀರ್ವಾದ.

ನಿನ್ನ, ಹೆಸರಿಗಷ್ಟೇ ಶಾಂತನಾದ,
ಶಾಂತಯ್ಯ

ತಾ.ಕ.: ಅತ್ತೆ, ಇದನ್ನು ಜೋರಾಗಿ ಓದಬೇಕು. ಈಗಷ್ಟೇ ಟಪಾಲು ಬಂತು, ನಾನು ಆಯ್ಕೆಯಾದೆ! ನವೆಂಬರಿನ ಮೊದಲ ರವಿವಾರ ಬೆಳಿಗ್ಗೆ ರೇಡಿಯೊ ಹಚ್ಚಿ. ಆಯಿ, ಅದಕ್ಕೂ ವಿಭೂತಿ ಹಚ್ಚಬೇಕೆನಿಸಿದರೆ ಧಾರಾಳವಾಗಿ ಹಚ್ಚು, ಮುಂದಿನ ಜಾಳಿಗೆಯೊಂದನ್ನು ಬಿಟ್ಟು. ಅಲ್ಲಿಂದ ನಾನು ಮಾತಾಡುವವನಿದ್ದೇನೆ.